ಗೋಳಗುಮ್ಮಟ ಹತ್ತಿ ಇಳಿದ ಮ್ಯಾಲ ಬಿಪಿ 172: ಹೆದರಬೇಕೋ ಬ್ಯಾಡೋ?

ಅಡತಿ ಕಾಕಾ (ವಿಜಯಪುರ)
ಭಾನುವಾರ, ರಾತ್ರಿ 9:10

ಎಲ್ಲಾರಿಗೂ ನಮಸ್ಕಾರ್ರಿ. ನಂಗ 57 ವರ್ಷ. ಎಪಿಎಂಸಿ ಯಾರ್ಡಿನ್ಯಾಗ ಅಡತಿ ಅಂಗಡಿ ಅದ, ಮುಂಜಾನಿಂದ ಸಂಜಿತನಕ ಗಾದಿ ಮ್ಯಾಲ ಕುಂತೇ ಕೆಲಸ. ನಾಲ್ಕು ವರ್ಷದಿಂದ ಬಿಪಿಗೆ ಆಮ್ಲೋಡಿಪಿನ್ 5ರ ಗುಳಿಗಿ ದಿನಕ್ಕೊಂದು. ನಸುಕಿನ್ಯಾಗ ಗುಮ್ಮಟದ ತ್ವಾಟದಾಗ ಮೂರು ಸುತ್ತು ವಾಕಿಂಗ್ ಹೊಡೀತೀನಿ. ಮಗಳು ಕೊಡಿಸಿದ ವಾಚಿನ್ಯಾಗ ಆಗ ನಾಡಿ 105, ಬಾಳಂದ್ರ 110.

ಇವತ್ತು ಪುಣೆಯಿಂದ ಬಂದ ಮೊಮ್ಮಕ್ಕಳು "ಅಜ್ಜಾ, ಮ್ಯಾಲ ಹೋಗೂಣು, ಕೂಗೂಣು" ಅಂತ ಹಟ ಹಿಡದ್ವು. ಏಳು ಅಂತಸ್ತು, ಮೂಲಿ ಗೋಪುರದ ಒಳಗಿನ ಆ ಸಣ್ಣ ಪಾವಟಿಗಿ, ಒಂದೊಂದೂ ಮೊಣಕಾಲು ಎತ್ತಿ ಇಡಬೇಕು. ಹುಡುಗ್ರ ಮುಂದ ಸೋಲಬಾರದಂತ ಎಲ್ಲೂ ನಿಲ್ಲದ ಹತ್ತಿದೆ. ಪಿಸುಗುಟ್ಟುವ ಗ್ಯಾಲರಿಯೊಳಗ ಕಾಲಿಟ್ಟಾಗ ವಾಚ್ 158! ಮೊಮ್ಮಗ ಒಂದು ಸಲ ಕೂಗಿದ್ದು ತಿರುಗಿ ತಿರುಗಿ ಬಂತು, ನನಗ ಮಾತ್ರ ನನ್ನ ಎದಿ ಬಡಿಯೋದೇ ಕೇಳ್ತಿತ್ತು.

ಕೆಳಗಿಳಿದು ಹೊರಗ ಬಂದ್ರ ಯಾರೋ ಹುಡುಗ್ರು ಟೇಬಲ್ ಹಾಕ್ಕೊಂಡು ಪುಕ್ಕಟೆ ಬಿಪಿ ನೋಡ್ತಿದ್ರು. ನೋಡಿದ್ರ 172/86. "ಕಾಕಾ, ಭಾಳ ಹೈ ಅದ" ಅಂದ. ಮನಿಗೆ ಬಂದು ಗಾಬರಿಯೊಳಗ ಇನ್ನೊಂದು ಗುಳಿಗಿ ನುಂಗಿದೆ. ಸಂಜಿಮುಂದ ದೇವರ ಮನಿಯೊಳಗ ಕುಂತಾಂವ ಎದ್ದರ ಕಣ್ಣು ಕತ್ತಲಿ ಬಂದು ಬಾಗಿಲ ಚೌಕಟ್ಟು ಹಿಡ್ಕೊಂಡು ನಿಂತೀನಿ.

220ರಾಗ ವಯಸ್ಸು ಕಳೀಬೇಕಂತ ಎಲ್ಲೋ ಓದಿದ್ದೆ. ನಂದು 163 ಬರ್ತದ. 158 ಅಂದ್ರ ಇನ್ನ ಐದ ಬಾಕಿ ಇತ್ತು! ಎದಿ ಒಡದು ಹೋಗ್ತಿತ್ತೇನ್ರಿ? ವಾಕಿಂಗೂ ಬಿಟ್ಟುಬಿಡ್ಲೇನು?

ಸೈಕಲ್ ಚೈನು
ಭಾನುವಾರ, ರಾತ್ರಿ 9:42

ಕಾಕಾ, ಮೊದಲು ಆ 220ರ ಲೆಕ್ಕ ತಲಿಯಿಂದ ತಗೀರಿ. ಅದು ಗಡಿಗೋಡಿ ಅಲ್ಲ, ಅಂದಾಜು. ಒಂದೇ ವಯಸ್ಸಿನ ಇಬ್ಬರ ನಡುವ ಹತ್ತು-ಹನ್ನೆರಡು ಬಡಿತ ಆಕಡೆ ಈಕಡೆ ಇರೋದು ಸಾಮಾನ್ಯ. 2001ರಾಗ ಬಂದ ಇನ್ನೊಂದು ಸೂತ್ರ ಅದ: 208ರಿಂದ ವಯಸ್ಸಿನ 0.7 ಪಟ್ಟು ಕಳೀರಿ. ನಿಮಗ 168 ಬರ್ತದ. ಇದೂ ಅಂದಾಜೇ. 163 ದಾಟಿದ ಕೂಡಲೇ ಏನೋ ಹರೀತದ ಅನ್ನೋದು ಸುಳ್ಳು.

ನಾನು ಹದಿನೈದು ವರ್ಷ ಸೈಕಲ್ ರೇಸ್ ಹೊಡದಾಂವ, ಈಗ ಹುಡುಗ್ರಿಗೆ ಕಲಸ್ತೀನಿ. ನಮ್ಮ ವಿಜಯಪುರ-ಬಾಗಲಕೋಟಿ ಕಡೆ ಮನಿಗೊಬ್ಬ ಸೈಕ್ಲಿಸ್ಟ್ ಸಿಗ್ತಾನ, ನಿಮಗ ಗೊತ್ತಿದ್ದದ್ದೇ. ನಾಡಿ ಹೆಂಗ ಏರ್ತದ ಅನ್ನೋದನ್ನ ದಿನಾ ಕಣ್ಣಲೇ ನೋಡ್ತೀನಿ. ಪೆಡಲ್ ಒತ್ತಿದ ಮೊದಲ ಹತ್ತು ಸೆಕೆಂಡಿನ್ಯಾಗ ಫಟ್ ಅಂತ ಜಿಗೀತದ. ಆರಾಮ ಇದ್ದಾಗ ವೇಗಸ್ ನರ ಎದಿಗೆ ಬ್ರೇಕ್ ಹಾಕ್ಕೊಂಡು ಕುಂತಿರ್ತದ, ಆ ಬ್ರೇಕ್ ಬಿಟ್ಟಷ್ಟಕ್ಕೇ ಸುಮಾರು 100ರ ತನಕ ಹೋಗ್ತದ. ಅಲ್ಲಿಂದ ಮುಂದ ಅಡ್ರಿನಲಿನ್ ಕಡೆಯವರು ಆಕ್ಸಿಲರೇಟರ್ ಒತ್ತೋದು. ಹೊರೆ ಹೆಚ್ಚಾದಂಗ ಗೆರಿ ಎಳದಂಗ ಸೀದಾ ಏರ್ತದ, ತುದಿಗೆ ಬಂದಾಗ ಸ್ವಲ್ಪ ಬಾಗ್ತದ.

ಒಬ್ಬ ಹುಡುಗನ ಕತಿ ಹೇಳ್ತೀನಿ. ಕುಂತಾಗ ನಾಡಿ 46. ಬಬಲೇಶ್ವರ ರಸ್ತಾದಾಗ ಗಂಟೆಗೆ 30 ಕಿಲೋಮೀಟರ್ ಹೊಡೆದ್ರೂ 130 ದಾಟೂದಿಲ್ಲ. ಅದೇ ವೇಗಕ್ಕ ಹೊಸ ಹುಡುಗಂದು 170. ಇಬ್ಬರದೂ ಗರಿಷ್ಠ ಹೆಚ್ಚೂಕಡಿಮಿ ಒಂದೇ! ಪಳಗಿದ ಎದಿ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ದಬ್ಬತದ, ಅದಕ್ಕ ಕಡಿಮಿ ಸಲ ಬಡದ್ರೂ ಸಾಕು.

ಬಿಳಿ ಕೋಟು
ಭಾನುವಾರ, ರಾತ್ರಿ 10:25

ಕಾಕಾ ಅವರೇ, ಮೊದಲು ಬೈಗುಳ, ಆಮೇಲೆ ಉತ್ತರ. ಒಂದು ರೀಡಿಂಗ್ ನೋಡಿ ಹೆಚ್ಚಿನ ಗುಳಿಗೆ ನುಂಗಬಾರದಿತ್ತು. ಆಮ್ಲೋಡಿಪಿನ್ ನುಂಗಿದ 6 ರಿಂದ 12 ತಾಸಿಗೆ ಅದರ ಜೋರು ಹೆಚ್ಚು. ಬೆವರು ಹೋಗಿ ನೀರು ಕಮ್ಮಿಯಾಗಿತ್ತು, ವ್ಯಾಯಾಮದ ನಂತರ ಬಿಪಿ ತಾನೇ ಇಳಿಯುವ ಹೊತ್ತು ಬೇರೆ. ಎಲ್ಲ ಸೇರಿ ನಿಮ್ಮನ್ನು ಚೌಕಟ್ಟು ಹಿಡಿಯುವ ಹಾಗೆ ಮಾಡಿದವು. ನಾಳೆಯೇ ನಿಮ್ಮ ಡಾಕ್ಟರಿಗೆ ಈ ಮಾತು ಹೇಳಿ. ನಿಮ್ಮನ್ನು ನೋಡದೇ ಗುಳಿಗೆ ಬಗ್ಗೆ ನಾನು ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಈಗ ಆ 172. ಆರಾಮಾಗಿ ಕುಳಿತಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಜೋರು ಕೆಲಸದಲ್ಲಿ ಸಾಮಾನ್ಯರಲ್ಲೂ ಅದು 15–20 ಲೀಟರಿಗೆ ಹೋಗುತ್ತದೆ. ಅಷ್ಟು ರಕ್ತ ನುಗ್ಗಿದಾಗ ಮೇಲಿನ ಬಿಪಿ ಏರಲೇಬೇಕು. ಆದರೆ ಕೆಲಸ ಮಾಡುವ ಸ್ನಾಯುಗಳ ರಕ್ತನಾಳಗಳು ಅದೇ ಹೊತ್ತಿಗೆ ಹಿಗ್ಗಿ ಬಾಗಿಲು ತೆರೆಯುತ್ತವೆ. ಅದಕ್ಕೇ ಕೆಳಗಿನ ಬಿಪಿ ಇದ್ದಲ್ಲೇ ಇರುತ್ತದೆ, ಇಲ್ಲವೇ ಸ್ವಲ್ಪ ಇಳಿಯುತ್ತದೆ. ನಿಮ್ಮ 86 ಅದನ್ನೇ ಹೇಳುತ್ತಿದೆ. ನೀವು ನೋಡಬೇಕಾಗಿದ್ದ ಅಂಕಿ ಅದು, ಆ ಹುಡುಗ ಹೆದರಿಸಿದ್ದು ಇನ್ನೊಂದರಿಂದ.

ಕೆಲಸದ ಹೊರೆಯನ್ನು ನಾವು ಮೆಟ್ ಅಂತ ಅಳೆಯುತ್ತೇವೆ. ಸುಮ್ಮನೆ ಕೂತರೆ 1 ಮೆಟ್. ತೋಟದಲ್ಲಿ ನಿಮ್ಮ ನಡಿಗೆ ಸುಮಾರು 3. ಬಿರುಸಾಗಿ ಮೆಟ್ಟಿಲು ಹತ್ತುವುದು 8ರ ಆಸುಪಾಸು. ಒಂದೊಂದು ಮೆಟ್ ಹೆಚ್ಚಿದಾಗ ಮೇಲಿನ ಬಿಪಿ ಸರಾಸರಿ 10 ಏರುತ್ತದೆ. ನಿಮ್ಮದು ಕುಳಿತಾಗ 130 ಅಂತ ಇಟ್ಟುಕೊಂಡರೂ ಗ್ಯಾಲರಿಯಲ್ಲಿ ಅದು 200 ಮುಟ್ಟಿರಬಹುದು. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಗಂಡಸರಿಗೆ 210, ಹೆಂಗಸರಿಗೆ 190 ದಾಟಿದರೆ ಮಾತ್ರ ವಿಪರೀತ ಏರಿಕೆ ಎನ್ನುತ್ತೇವೆ. ಹಾಗೆ ನೋಡಿದರೆ ಹೊರೆ ಹೆಚ್ಚಿದರೂ ಮೇಲಿನ ಬಿಪಿ ಏರದೆ ಕುಸಿದರೆ ನಮಗೆ ಹೆಚ್ಚು ಭಯ.

ಆದರೂ ನೀವು ಮಾಡಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ವರ್ಷಗಟ್ಟಲೆ 110 ದಾಟದ ಎದೆಯನ್ನು ಒಂದೇ ಸಲ 158ಕ್ಕೆ ಒಯ್ದಿರಿ. 158 ಅಪಾಯವಲ್ಲ, ಅಲ್ಲಿಗೆ ಹಾರಿದ್ದು ಅಪಾಯ. ರೂಢಿಯಿಲ್ಲದವರು, ಅದರಲ್ಲೂ ಬಿಪಿ ಇದ್ದವರು ಏಕಾಏಕಿ ಏದುಸಿರಿನ ಕೆಲಸಕ್ಕೆ ಬಿದ್ದಾಗಲೇ ಹೃದಯಾಘಾತದ ಸಾಧ್ಯತೆ ಹೆಚ್ಚು. ಹತ್ತುವಾಗ ಎದೆ ಹಿಂಡಿದ ಹಾಗೆ, ದವಡೆ ಅಥವಾ ತೋಳಿಗೆ ನೋವು, ತಲೆ ಸುತ್ತು, ಇವೇನಾದರೂ ಇದ್ದವೇ? ಇದ್ದಿದ್ದರೆ ಇಲ್ಲಿ ಬರೆಯುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಅಡತಿ ಕಾಕಾ (ವಿಜಯಪುರ)
ಭಾನುವಾರ, ರಾತ್ರಿ 10:51

ಇಲ್ರಿ ಡಾಕ್ಟರ, ನೋವು ಏನೂ ಇರಲಿಲ್ಲ. ದಮ್ಮು ಒಂದ ಹತ್ತಿತ್ತು. ಬೈದದ್ದು ಛಲೋ ಆತು. ನಾಳೆ ಹೋಗ್ತೀನಿ.

ಗರಡಿ ಮಣ್ಣು (ಜಮಖಂಡಿ)
ಸೋಮವಾರ, ಮುಂಜಾನೆ 6:15

ಇದೆಲ್ಲಾ ವಾಚ್ ಕಟ್ಟಿಕೊಂಡವರ ಬ್ಯಾನಿ ನೋಡ್ರಿ. ನಾವು ನಸುಕಿನ್ಯಾಗ ಎದ್ದು 500 ಬೈಠಕ್, 300 ದಂಡ ಹೊಡದು, ಆಮ್ಯಾಗ ಜೋಡಿ ತಿರವ್ತಿದ್ವಿ. ಯಾವಾಂವ ನಾಡಿ ನೋಡಿದ್ದ? ಜಾತ್ರ್ಯಾಗ ಸಂಗ್ರಾಣಿ ಕಲ್ಲು ಎತ್ತಾವ್ರಿಗೆ ಬಿಪಿ ಮಷಿನ್ ಯಾರು ಹಚ್ಚತಾರ? ಹಾಲು, ಬದಾಮಿ ಥಂಡಾಯಿ ಕುಡದು ಸಾಮು ಮಾಡಿದವ್ರಿಗೆ ಯಾವ ಬಿಪಿನೂ ಬರೂದಿಲ್ಲ.

ಬಿಳಿ ಕೋಟು
ಸೋಮವಾರ, ಮುಂಜಾನೆ 8:05

ಪೈಲ್ವಾನರೇ, ಮಷಿನ್ ಹಚ್ಚಿದ್ದಾರೆ. ಮಾಮೂಲಿ ಪಟ್ಟಿ ಅಲ್ಲ, ತೋಳಿನ ಧಮನಿಯೊಳಗೆ ಸಣ್ಣ ನಳಿಕೆ ಇಟ್ಟು ಅಳೆದಿದ್ದಾರೆ. 1985ರಲ್ಲಿ ಪ್ರಕಟವಾದ ಅಧ್ಯಯನ, ಐವರು ಅನುಭವಿ ದೇಹದಾರ್ಢ್ಯ ಪಟುಗಳು. ಎರಡೂ ಕಾಲಿನಿಂದ ಭಾರ ಒತ್ತುವಾಗ ಅವರ ಸರಾಸರಿ ಬಿಪಿ 320/250. ಒಬ್ಬನದು 480/350 ದಾಟಿತ್ತು. ಅಂಕಿ ತಪ್ಪಾಗಿ ಬರೆದಿಲ್ಲ, ಇನ್ನೊಮ್ಮೆ ಓದಿ.

ನಡಿಗೆ, ಓಟ, ಸೈಕಲ್‌ಗೂ ಭಾರ ಎತ್ತುವುದಕ್ಕೂ ಇರುವ ವ್ಯತ್ಯಾಸ ಇದೇ. ನಡೆಯುವಾಗ ಸ್ನಾಯು ಬಿಗಿದು ಸಡಿಲಾಗುತ್ತಿರುತ್ತದೆ, ರಕ್ತ ಹರಿಯುತ್ತದೆ. ಕಲ್ಲು ಎತ್ತುವಾಗ ಬಿಗಿದ ಸ್ನಾಯು ತನ್ನೊಳಗಿನ ನಾಳಗಳನ್ನೇ ಹಿಚುಕುತ್ತದೆ. ಅದರ ಮೇಲೆ ಉಸಿರು ಕಟ್ಟಿ ತಿಣುಕಿದರೆ ಎದೆಗೂಡಿನ ಒತ್ತಡವೂ ಸೇರುತ್ತದೆ. ಆಗ ಮೇಲಿನದು, ಕೆಳಗಿನದು ಎರಡೂ ಜಿಗಿಯುತ್ತವೆ. ನಾಡಿ ಮಾತ್ರ ಅಷ್ಟೇನೂ ಏರಿರುವುದಿಲ್ಲ. ಹಾಗಾಗಿ ಭಾರ ಎತ್ತುವಾಗ ವಾಚ್ ನೋಡಿ "ನಾಡಿ 120 ಅಷ್ಟೇ, ಹಗುರ ಕೆಲಸ" ಅಂದುಕೊಂಡರೆ ಮೋಸಹೋದಿರಿ.

ಗರಡಿ ಮಣ್ಣು (ಜಮಖಂಡಿ)
ಸೋಮವಾರ, ಮಧ್ಯಾಹ್ನ 1:30

480 ಅಂದ್ರ ಟ್ರ್ಯಾಕ್ಟರ್ ಟೈರೂ ಒಡೀತೈತಲ್ರಿ! ತಮಾಷಿ ಬಿಡ್ರಿ. ನೀವು ಹೇಳಿದ್ದು ಕೇಳಿ ಒಂದು ಮಾತು ನೆನಪಾತು. ಇಪ್ಪತ್ತೆರಡರ ಪ್ರಾಯದಾಗ ನಾನೂ ಜಾತ್ರ್ಯಾಗ ಕಲ್ಲು ಎತ್ತಾಕ ಹೋಗಿದ್ದೆ. ಮೊಣಕಾಲಿನ ಮಟ ತಂದೆ, ತೊಡಿ ಮ್ಯಾಲ ಹೊಳ್ಳಿಸಿದೆ, ಅಲ್ಲಿಂದ ಎದಿಗೆ ತರೂಮುಂದ ಕಿವಿ ಗಪ್ ಅಂತ ಮುಚ್ಚಿದ್ವು. ಹಲಗಿ ಬಾರಿಸೋದು ದೂರದಾಗ ಎಲ್ಲೋ ಕೇಳಿದಂಗ. ಹೆಗಲ ಮ್ಯಾಲಿಂದ ಹಿಂದ ಒಗದೆ, ಮಂದಿ ಶಿಳ್ಳಿ ಹೊಡೀತು, ನಾನು ಮಾತ್ರ ಚುಕ್ಕಿ ನೋಡ್ಕೋತ ಅಲ್ಲೇ ಕುಂತಿದ್ದೆ. ನಮ್ಮ ವಸ್ತಾದರು ಬಂದು ಬೆನ್ನಿಗೆ ಒಂದು ಬಿಟ್ರು: "ಉಸಿರು ನುಂಗಬ್ಯಾಡ ಅಂತ ಎಷ್ಟು ಸಲ ಹೇಳೀನಿ, ಒದರಿ ಎತ್ತಲೇ!" ಅವರು ಯಾವ ಪುಸ್ತಕಾನೂ ಓದಿದವರಲ್ಲ.

ಬಿಳಿ ಕೋಟು
ಸೋಮವಾರ, ಮಧ್ಯಾಹ್ನ 2:10

ನಿಮ್ಮ ವಸ್ತಾದರಿಗೆ ನನ್ನ ಶರಣು. ನೀವು ಕಂಡ ಚುಕ್ಕಿ ಅಂದರೆ ಕಟ್ಟಿದ ಉಸಿರು ಬಿಟ್ಟ ಕೂಡಲೇ ಬಿಪಿ ಕುಸಿದು ಮಿದುಳಿಗೆ ಆ ಕ್ಷಣ ರಕ್ತ ಕಮ್ಮಿಯಾಗಿದ್ದು. ಒದರಿದರೆ ಉಸಿರು ಹೊರಗೆ ಹೋಗಲೇಬೇಕು, ಅಷ್ಟೇ ಗುಟ್ಟು.

ರೊಟ್ಟಿ ಅಕ್ಕ (ಬಾಗಲಕೋಟೆ)
ಸೋಮವಾರ, ಸಂಜೆ 7:20

ಹಂಗಾರ ನಮ್ಮಂಥ ಬಿಪಿ ಇದ್ದವ್ರು ಭಾರ ಮುಟ್ಟಲೇಬಾರದೇನ್ರಿ ಡಾಕ್ಟರ? ನಂಗ 49. ಫಿಸಿಯೋಥೆರಪಿ ಮೇಡಂ ಎರಡು ಕೆಜಿ ಡಂಬೆಲ್ ಹಿಡಿಸ್ಯಾರ. 12–15 ಸಲ ಎತ್ತೋದು, ಎತ್ತೂಮುಂದ ಬಾಯಲೇ ಉಸಿರು ಬಿಡೋದು, ಇಳಿಸೂಮುಂದ ತಗೊಳ್ಳೋದು. ಇನ್ನೊಂದು ಏನಂದ್ರ ಗ್ವಾಡಿಗೆ ಬೆನ್ನು ಹಚ್ಚಿ, ಇಲ್ಲದ ಖುರ್ಚಿ ಮ್ಯಾಲ ಕುಂತಂಗ ಎರಡು ನಿಮಿಷ ಕೂಡೋದು. ತೊಡಿ ನಡುಗ್ತಾವ ಯವ್ವಾ! ಬಿಪಿ ಇಳೀತದ ಅಂದ್ರು. ನೀವು ನೋಡಿದ್ರ ಬಿಗಿ ಹಿಡದ್ರ ಏರ್ತದ ಅಂತೀರಿ. ಯಾರದು ಖರೇ?

ಬಿಳಿ ಕೋಟು
ಸೋಮವಾರ, ರಾತ್ರಿ 9:30

ಎರಡೂ ಖರೇ ಅಕ್ಕಾ. ಮಾಡುವ ಹೊತ್ತಿಗೆ ಏರುತ್ತದೆ, ವಾರಗಟ್ಟಲೆ ಮಾಡಿದರೆ ಕುಳಿತಾಗಿನ ಬಿಪಿ ಇಳಿಯುತ್ತದೆ. 2023ರಲ್ಲಿ 270 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು ಬಂತು. ಗೋಡೆಗೆ ಒರಗಿ ಕೂರುವಂಥ, ಅಲುಗಾಡದೆ ಬಿಗಿಹಿಡಿಯುವ ವ್ಯಾಯಾಮದಿಂದ ಸರಾಸರಿ ಇಳಿಕೆ ಸುಮಾರು 8/4. ನಡಿಗೆ, ಓಟದಂಥವುಗಳಿಂದ 4.5/2.5ರ ಹತ್ತಿರ. ಸಾಮಾನ್ಯವಾಗಿ ಎರಡೆರಡು ನಿಮಿಷದ ನಾಲ್ಕು ಸುತ್ತು, ನಡುವೆ ವಿಶ್ರಾಂತಿ, ವಾರಕ್ಕೆ ಮೂರು ದಿನ. ಇದು ಇಡೀ ಬಲ ಹಾಕಿ ಕಲ್ಲು ಎತ್ತುವುದಲ್ಲ, ಅಳತೆಯ ಹೊರೆ. ಉಸಿರು ಆಡುತ್ತಲೇ ಇರಬೇಕು, ನಡುಗುವ ತೊಡೆಯನ್ನು ಉಸಿರು ಕಟ್ಟಿ ನಿಲ್ಲಿಸಲು ನೋಡಬೇಡಿ. ಕುಳಿತಾಗಲೇ 180ರ ಆಸುಪಾಸು ಇರುವವರು ಮೊದಲು ಅದನ್ನು ಹತೋಟಿಗೆ ತರಬೇಕು, ಗೋಡೆ ಆಮೇಲೆ. ಇದಕ್ಕಾಗಿ ನಡಿಗೆ ಬಿಡುವುದೂ ಬೇಡ.

ಮೆಟೊಪ್ರೊಲಾಲ್ ಮಾಮಾ
ಮಂಗಳವಾರ, ಮುಂಜಾನೆ 7:00

ಸ್ಟೆಂಟ್ ಹಾಕಿಸ್ಕೊಂಡು ಎರಡು ವರ್ಷ ಆತು. ಎಷ್ಟು ಬಿರುಸು ನಡದ್ರೂ ನನ್ನ ವಾಚ್ 98ರ ಮ್ಯಾಲ ಹೋಗೂದಿಲ್ಲ. ಈ ಸೂತ್ರ ಎಲ್ಲಾ ಹಾಕಿ ನೋಡಿದ್ರ ನಾನು ವ್ಯಾಯಾಮನೇ ಮಾಡಿಲ್ಲ ಅನ್ನಂಗ!

ಸೈಕಲ್ ಚೈನು
ಮಂಗಳವಾರ, ಮುಂಜಾನೆ 7:35

ಮಾಮಾ, ನಿಮ್ಮ ಗುಳಿಗಿ ಹೆಸರಿನ್ಯಾಗ ಉತ್ತರ ಅದ. ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ (ಎದಿ ಬಡಿತ ತಗ್ಗಿಸೋ ಗುಳಿಗಿ) ತಗೊಂಡವರಿಗೆ ಆಕ್ಸಿಲರೇಟರ್ ಕೆಳಗ ಇಟ್ಟಂಗಿ ಇಟ್ಟಂಗ, ಪೂರ್ತಿ ಒತ್ತಾಕ ಬರೂದಿಲ್ಲ. ವಾಚ್ ಮನ್ಯಾಗ ಇಡ್ರಿ, ಬಾಯಿ ನಂಬ್ರಿ. ಮಾತಾಡ್ಕೋತ ನಡೀಬಹುದು ಆದ್ರ ಹಾಡಾಕ ಬರೂದಿಲ್ಲ ಅಂದ್ರ ಅದು ಮಧ್ಯಮ. ಎರಡು ಮಾತಿಗೊಮ್ಮೆ ಉಸಿರು ಎಳೀಬೇಕಾತಂದ್ರ ಜೋರು. ನಮ್ಮ ತಂಡದಾಗ ನಾನು ವಚನದ ಪರೀಕ್ಷೆ ಮಾಡ್ತೀನಿ. ಬಾಯಿಪಾಠ ಇದ್ದ ಒಂದು ವಚನ ಹೇಳ್ಕೋತ ಪೆಡಲ್ ಹೊಡಿ ಅಂತೀನಿ. ಅಂಕಿತ ಬರೂತನಕ ಸರಾಗ ಹೇಳಿದ್ರ ಆರಾಮ. ಸಾಲಿಗೊಂದು ಉಸಿರು ತಗೊಂಡ್ರ ಮಧ್ಯಮ. ಎರಡನೇ ಸಾಲಿಗೇ "ಸರ, ಬಿಡ್ರಿ" ಅಂದ್ರ ಜೋರು. ಹುಡುಗ್ರು ಅದಕ್ಕೇ ನಾಲ್ಕ ಸಾಲಿನ ವಚನ ಹುಡಿಕ್ಯಾಡಿ ಕಲ್ತಾವ, ಕಳ್ಳರು.

ಅಡತಿ ಕಾಕಾ, ನಿಮಗೂ ಒಂದು ಮಾತು. ಕುಂತಾಗ ನಿಮ್ಮ ನಾಡಿ ಎಷ್ಟು?

ಅಡತಿ ಕಾಕಾ (ವಿಜಯಪುರ)
ಮಂಗಳವಾರ, ಮುಂಜಾನೆ 8:20

ಈಗ ಅಂಗಡ್ಯಾಗ ಕುಂತೀನಿ, 76.

ಸೈಕಲ್ ಚೈನು
ಮಂಗಳವಾರ, ಮುಂಜಾನೆ 8:48

ಕಾರ್ವೋನೆನ್ ಅಂತ ಫಿನ್ಲೆಂಡಿನವರ ಹೆಸರಿನ ಲೆಕ್ಕ, 1957ರದು. ಗರಿಷ್ಠ 163ರಾಗ 76 ಕಳದ್ರ 87 ಉಳೀತದ. ಅದು ನಿಮ್ಮ ಕೈಯಾಗಿನ ಬಂಡವಾಳ ಅನ್ಕೊಳ್ರಿ. ಅದರ ಶೇಕಡಾ 40ರಿಂದ 59ರಷ್ಟನ್ನ 76ಕ್ಕ ಕೂಡಿಸಿದ್ರ 111ರಿಂದ 127. ನಿಮಗ ಮಧ್ಯಮ ವ್ಯಾಯಾಮ ಅಂದ್ರ ಇದು. ನೀವು ತ್ವಾಟದಾಗ 105ಕ್ಕ ನಡೀತೀರಿ. ಕಾಕಾ, ಸಿಟ್ಟಾಗಬ್ಯಾಡ್ರಿ, ನೀವು ವಾಕಿಂಗ್ ಮಾಡಾಕತ್ತಿಲ್ಲ, ದೋಸ್ತರ ಜೋಡಿ ಕಾಳಿನ ರೇಟ್ ಮಾತಾಡ್ಕೋತ ಅಡ್ಡಾಡಾಕತ್ತೀರಿ. ಹಂಗಾಗೇ ಪಾವಟಿಗಿ ಅಷ್ಟು ಭಾರ ಆದದ್ದು.

ಕೆಂಪು ದೀಪ
ಮಂಗಳವಾರ, ರಾತ್ರಿ 8:15

ಒಂದು ಸೇರಿಸ್ತೀನಿ. ಬ್ಯಾಸಗಿ ಶುರುವಾತು, ನಮ್ಮಲ್ಲಿ 40 ಡಿಗ್ರಿ ದಾಟೋದು ಮಾಮೂಲು. ಮುಂಜಾನಿ 6ಕ್ಕ 115 ಇದ್ದ ನಾಡಿ, ಅದೇ ವೇಗಕ್ಕ 9 ಗಂಟೆಕ್ಕ 130 ಆಗ್ತದ. ರಕ್ತ ಚರ್ಮದ ಕಡೆ ಹರಿದು ತಂಪು ಮಾಡಬೇಕು, ಬೆವರಿನ್ಯಾಗ ನೀರು ಹೋಗಿರ್ತದ, ಬಡಿತಕ್ಕ ಸಿಗೋ ರಕ್ತ ಕಮ್ಮಿ, ಅದಕ್ಕ ಎದಿ ಹೆಚ್ಚು ಸಲ ಬಡೀತದ. ಆವಾಗ ವೇಗ ಇಳಸ್ರಿ, ನೀರು ಕುಡೀರಿ. ಓಡಿ ಬಂದು ಗಪ್ಪನೆ ನಿಲ್ಲೋದೂ ಬ್ಯಾಡ. ಕಾಲಿನ ಸ್ನಾಯು ರಕ್ತ ಮ್ಯಾಲ ದಬ್ಬತಿರ್ತಾವ, ನಿಂತ ಕೂಡ್ಲೇ ರಕ್ತ ಕಾಲಾಗೇ ಉಳದು ತಲಿ ತಿರಗ್ತದ.

ಮತ್ತ ಕಾಕಾ, ಬಿಪಿ ನೋಡಿಸೋಕಿಂತ ಮೊದಲು ಏನರೆ ಬಾಯಾಗ ಹಾಕ್ಕೊಂಡಿದ್ರೇನು?

ಅಡತಿ ಕಾಕಾ (ವಿಜಯಪುರ)
ಮಂಗಳವಾರ, ರಾತ್ರಿ 9:02

ಹಾ… ಕೆಳಗಿಳಿದ ಮ್ಯಾಲ ಒಂದು ಚಿಟಿಕಿ ತಂಬಾಕು-ಸುಣ್ಣ ತಿಕ್ಕಿ ಹಾಕ್ಕೊಂಡಿದ್ದೆ. ಮೊಮ್ಮಕ್ಕಳು ಐಸ್‌ಕ್ರೀಂ ತರಾಕ ಹೋಗಿದ್ವು.

ರೊಟ್ಟಿ ಅಕ್ಕ (ಬಾಗಲಕೋಟೆ)
ಮಂಗಳವಾರ, ರಾತ್ರಿ 9:06

ಅಯ್ಯ ಕಾಕಾರ! ಇಷ್ಟೊತ್ತನಕ ಇದನ್ನ ಯಾಕ ಹೇಳಲಿಲ್ರಿ?

ಬಿಳಿ ಕೋಟು
ಮಂಗಳವಾರ, ರಾತ್ರಿ 9:40

ನಿಕೋಟಿನ್ ನಾಡಿ, ಬಿಪಿ ಎರಡನ್ನೂ ಏರಿಸುತ್ತದೆ. ಹಾಗಿದ್ದರೆ ಆ 172ರಲ್ಲಿ ಗುಮ್ಮಟದ ಪಾಲೆಷ್ಟು, ತಂಬಾಕಿನ ಪಾಲೆಷ್ಟು ಅಂತ ಹೇಳುವವರು ಯಾರು? ಬಿಪಿ ನೋಡುವ ರೀತಿ ಬೇರೆ. ಅರ್ಧ ತಾಸು ಮೊದಲಿನಿಂದ ಚಹಾ, ತಂಬಾಕು, ವ್ಯಾಯಾಮ ಇರಬಾರದು. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಒರಗಿಸಿ, ಕಾಲು ನೆಲಕ್ಕೆ ಊರಿ ಐದು ನಿಮಿಷ ಸುಮ್ಮನೆ ಕೂರಬೇಕು. ಕೈ ಎದೆಯ ಮಟ್ಟದಲ್ಲಿ, ಪಟ್ಟಿ ಬರಿ ತೋಳಿಗೆ. ಮಾತಾಡಬಾರದು. ಸಾಧ್ಯವಾದರೆ ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ, ಊಹೆಗಿಂತ ಅದು ವಾಸಿ.

ಅಡತಿ ಕಾಕಾ (ವಿಜಯಪುರ)
ಮೂರು ವಾರದ ನಂತರ, ಭಾನುವಾರ, ಮುಂಜಾನೆ 10:30

ಮತ್ತ ಬಂದೀನ್ರಿ. ಟಿಎಂಟಿ ಆತು. ಎದಿ ಮ್ಯಾಲ ವೈರ್ ಅಂಟಿಸಿ ಪಟ್ಟಿ ಮ್ಯಾಲ ಓಡಾಡಿಸಿದ್ರು. ಮೂರು ನಿಮಿಷಕ್ಕೊಮ್ಮೆ ಏರು ಹೆಚ್ಚು, ವೇಗ ಹೆಚ್ಚು. ಏಳೂವರಿ ನಿಮಿಷಕ್ಕ ಸಾಕು ಅಂದೆ. ನಾಡಿ 156, ಬಿಪಿ 190/84. ನಿಲ್ಲಿಸಿದ ಒಂದು ನಿಮಿಷಕ್ಕ ನಾಡಿ 134. ಆ 22ರ ಇಳಿಕಿ ನೋಡಿ ಡಾಕ್ಟರ್ ಖುಷಿ ಆದ್ರು, 12ಕ್ಕಿಂತ ಕಡಿಮಿ ಇಳಿದ್ರ ಚಿಂತಿ ಅಂತ. ಇಸಿಜಿ ಸುದ್ದ ಅದ. ಗುಳಿಗಿ ಅದೇ ಒಂದು, ಎರಡು ನುಂಗಿದ್ದಕ್ಕ ಅಲ್ಲೂ ಬೈಸ್ಕೊಂಡೆ.

ಈಗ ಸುತ್ತು ಮೂರೇ, ಆದ್ರ ಎರಡನೇದರಾಗ ದೋಸ್ತರನ್ನ ಹಿಂದ ಬಿಟ್ಟು 118–122ಕ್ಕ ನಡೀತೀನಿ. ರೇಟ್ ಮಾತು ಮೂರನೇ ಸುತ್ತಿಗೆ. ವಾಕಿಂಗ್‌ಕಿಂತ ಮೊದಲ 132/82 ಇದ್ದದ್ದು, ಮನಿಗೆ ಬಂದು ತಾಸು ಬಿಟ್ಟು ನೋಡಿದ್ರ 124/78. ಮಧ್ಯಾಹ್ನದ ಮಟ ಹಂಗೇ ಇರ್ತದ. ತಂಬಾಕು… ದಿನಕ್ಕ ಆರು ಇದ್ದದ್ದು ಎರಡು ಆಗ್ಯದ, ಸುಳ್ಳು ಹೇಳೂದಿಲ್ಲ.

ಗರಡಿ ಮಣ್ಣು (ಜಮಖಂಡಿ)
ಭಾನುವಾರ, ಮುಂಜಾನೆ 10:55

ಶಾಬ್ಬಾಸ್ ಕಾಕಾ. ನಾನೂ ನಿನ್ನಿ ಬಿಪಿ ನೋಡಿಸ್ಕೊಂಡೆ. 148/94. ಯಾರಿಗೂ ಹೇಳಬ್ಯಾಡ್ರಿ.

ಬಿಳಿ ಕೋಟು
ಭಾನುವಾರ, ಮುಂಜಾನೆ 11:20

ಪೈಲ್ವಾನರೇ, ವಾರವಿಡೀ ಮುಂಜಾನೆ ಸಂಜೆ ಎರಡೆರಡು ಸಲ ನೋಡಿ, ಬರೆದಿಟ್ಟುಕೊಂಡು ನಿಮ್ಮೂರ ಡಾಕ್ಟರಿಗೆ ತೋರಿಸಿ. ನಿಮ್ಮ ತೋಳು ದಪ್ಪ ಇರಬೇಕು. ಮಾಮೂಲಿ ಪಟ್ಟಿ 22–32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ. ಅದಕ್ಕಿಂತ ದಪ್ಪ ತೋಳಿಗೆ ಅದನ್ನೇ ಸುತ್ತಿದರೆ ಬಿಪಿ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ.

ಗರಡಿ ಮಣ್ಣು (ಜಮಖಂಡಿ)
ಭಾನುವಾರ, ಮಧ್ಯಾಹ್ನ 12:40

ದರ್ಜಿ ಕಡೆ ಟೇಪ್ ಇಸ್ಕೊಂಡು ಅಳದೆ. 39. ಔಷಧಿ ಅಂಗಡ್ಯಾಂವ ದೊಡ್ಡ ಪಟ್ಟಿ ಬುಧವಾರ ತರಸ್ತೀನಿ ಅಂದಾನ. ನೋಡಿ ಹೇಳ್ತೀನಿ.